ಮಗಳಿಗೆ 18 ತುಂಬಿತೇ? ಮೊದಲು ನೋಟರಿಯ ಬಳಿ ಹೋಗಿ

ಅಮೆರಿಕಕ್ಕೆ ಹೊಸದಾಗಿ ಬಂದವರು ಮಕ್ಕಳ ಕಾಲೇಜಿಗೆ ಹಣ ಕೂಡಿಡುವುದು ಹೇಗೆಂದು ಕೇಳುತ್ತಾರೆ. ಸಹಿಯ ವಿಷಯ ಯಾರೂ ಎತ್ತುವುದಿಲ್ಲ. ನಾವೂ ಎತ್ತಿರಲಿಲ್ಲ. ಮಗಳು ಹಾಸ್ಟೆಲ್ ಸೇರಿದ ಎರಡನೇ ತಿಂಗಳಿಗೆ ಜ್ವರ ಬಂದು ಆಸ್ಪತ್ರೆಯಲ್ಲಿ ಮಲಗಿದಳು. ಫೋನ್ ಮಾಡಿದರೆ, "ಆಕೆ ವಯಸ್ಕಳು, ನಿಮಗೇನೂ ಹೇಳುವಂತಿಲ್ಲ" ಎಂದರು. ವಿಮೆಯ ಕಂತು ಕಟ್ಟುತ್ತಿದ್ದವನು ನಾನೇ!

ಹೆಚ್ಚಿನ ರಾಜ್ಯಗಳಲ್ಲಿ 18 ತುಂಬಿದರೆ ವಯಸ್ಕರು. ಅಲಬಾಮಾ, ನೆಬ್ರಾಸ್ಕಾಗಳಲ್ಲಿ 19. ಆಮೇಲೆ ರೋಗಿಯ ಮಾಹಿತಿಯನ್ನು ಗುಟ್ಟಾಗಿಡಬೇಕೆನ್ನುವ ಹಿಪಾ ಕಾಯ್ದೆಯ ಭಯಕ್ಕೆ ಆಸ್ಪತ್ರೆಗಳು ರೋಗಿಯ ಒಪ್ಪಿಗೆ ಪತ್ರವಿಲ್ಲದೆ ಬಾಯಿ ಬಿಡಲು ಹಿಂಜರಿಯುತ್ತವೆ. ಆದ್ದರಿಂದ ಮನೆ ಬಿಡುವ ಮೊದಲೇ ನೋಟರಿಯ ಮುಂದೆ ಮೂರು ಪತ್ರಗಳಿಗೆ ಸಹಿ ಹಾಕಿಸಿ: ಹಿಪಾ ಒಪ್ಪಿಗೆ, ಮಗು ಪ್ರಜ್ಞೆ ತಪ್ಪಿದಾಗ ಚಿಕಿತ್ಸೆಯನ್ನು ನಿರ್ಧರಿಸಲು ಹೆಲ್ತ್‌ಕೇರ್ ಪ್ರಾಕ್ಸಿ, ಬ್ಯಾಂಕು-ಬಾಡಿಗೆಗಳ ವ್ಯವಹಾರವನ್ನು ಮಗುವಿನ ಪರವಾಗಿ ನೀವು ನಡೆಸಲು ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಜಿಪಿಎ ಇದ್ದಂತೆ. ನಮಗೆ ಜಿಪಿಎ ಎಂದರೆ ಬೆಂಗಳೂರಿನ ಸೈಟು, ಮಕ್ಕಳಿಗೆ ಕಾಲೇಜಿನ ಅಂಕ. ಹಾಗಾಗಿ ಮೊದಲು ಬಿಡಿಸಿ ಹೇಳಿ. ಕಾಲೇಜು ಬೇರೆ ರಾಜ್ಯದಲ್ಲಿದ್ದರೆ ಅಲ್ಲಿನ ನಮೂನೆಯನ್ನೂ ತುಂಬಿಸಿಡಿ. ಪ್ರತಿಗಳು ನಿಮ್ಮ ಮೊಬೈಲಿನಲ್ಲಿರಲಿ.

ಹಣದ ವಿಷಯ ಚಿಕ್ಕದು. ಅಜ್ಜಿ-ತಾತ ಕೊಟ್ಟದ್ದನ್ನೆಲ್ಲ ಮಗುವಿನ ಹೆಸರಿನಲ್ಲೇ ಇಡುವ ನಮ್ಮ ಅಭ್ಯಾಸ ಇಲ್ಲಿ ತಿರುಗಿ ಹೊಡೆಯುತ್ತದೆ. ಸರ್ಕಾರದ ಕಾಲೇಜು ನೆರವಿಗೆ ಹಾಕುವ ಫಾಫ್ಸಾ ಅರ್ಜಿಯಲ್ಲಿ ವಿದ್ಯಾರ್ಥಿಯ ಉಳಿತಾಯದ 20 ಶೇಕಡಾ ಕಾಲೇಜಿಗೆ ಕಟ್ಟಬಲ್ಲ ಹಣವೆಂದು ಲೆಕ್ಕಕ್ಕೆ ಬರುತ್ತದೆ, ಹೆತ್ತವರದು ಹೆಚ್ಚೆಂದರೆ 5.64. ಹೆತ್ತವರ ಹೆಸರಿನ 529 ಖಾತೆಯೇ (ಓದಿಗೆಂದೇ ಇರುವ ಉಳಿತಾಯ ಖಾತೆ) ವಾಸಿ. ಎಚ್-4 ವೀಸಾದ, ಅಂದರೆ ಎಚ್-1ಬಿ ಉದ್ಯೋಗ ವೀಸಾದವರ ಜೊತೆ ಬಂದ, ಮಕ್ಕಳಿಗೆ ಕೇಂದ್ರ ಸರ್ಕಾರದ ನೆರವು ಸಿಗುವುದಿಲ್ಲ, ಆ ಆಸೆ ಇಟ್ಟುಕೊಳ್ಳಬೇಡಿ.

ವೀಸಾದ್ದೇ ನಿಜವಾದ ಕಗ್ಗಂಟು. 21 ತುಂಬಿದ ದಿನ ಎಚ್-4 ಮುಗಿಯುತ್ತದೆ. ಓದು ಮುಂದುವರಿಯಬೇಕಾದರೆ ವಿದ್ಯಾರ್ಥಿ ವೀಸಾ ಎಫ್-1ಕ್ಕೆ ಮೊದಲೇ ಅರ್ಜಿ ಹಾಕಬೇಕು. ಹಸಿರು ಕಾರ್ಡ್ (ಕಾಯಂ ವಾಸದ ಅನುಮತಿ) ಬಂದವರಿಗೆ ಇನ್ನೊಂದು ಲೆಕ್ಕ: ಕಾರ್ಡ್ ಇರುವ ಮಗು ನಿಮ್ಮೊಡನೆ ಇಲ್ಲೇ ವಾಸಿಸುತ್ತಿದ್ದು, ಅದಕ್ಕೆ 18 ತುಂಬುವ ಮೊದಲೇ ನೀವು ಪೌರತ್ವದ ಪ್ರಮಾಣ ಸ್ವೀಕರಿಸಿದರೆ ಮಗುವೂ ತಾನಾಗಿ ಪೌರನಾಗುತ್ತದೆ. ಒಂದು ದಿನ ತಡವಾದರೂ ಅದು ತನ್ನ ಅರ್ಜಿಯನ್ನು ತಾನೇ ಹಾಕಬೇಕು. "ಮುಂದಿನ ವರ್ಷ ನೋಡೋಣ" ಎಂದು ಪೌರತ್ವದ ಅರ್ಜಿಯನ್ನು ಮುಂದೂಡುವವರು ಮಗುವಿನ ಜನ್ಮದಿನವನ್ನೊಮ್ಮೆ ನೋಡಿಕೊಳ್ಳಿ.

ಅಂಕಪಟ್ಟಿಗೆ ಫರ್ಪಾ ಎಂಬ ಬೇರೆಯೇ ಕಾಯ್ದೆಯಿದೆ, ಅದಕ್ಕೂ ಮಕ್ಕಳ ಒಪ್ಪಿಗೆ ಕೇಳುವುದು ವಾಡಿಕೆ. ನಮ್ಮ ಮಗಳು ಆಸ್ಪತ್ರೆಯಿಂದ ಬಂದವಳೇ ಮೂರೂ ಪತ್ರಗಳಿಗೆ ಸಹಿ ಹಾಕಿದಳು. ನಾಲ್ಕನೆಯದನ್ನು ಮಾತ್ರ ಓದಿ, ಮಡಚಿ, ನನ್ನ ಕೈಗೇ ವಾಪಸು ಕೊಟ್ಟಳು.