ತಾತ ಜೈಲಿಗೆ ಹೋಗಿದ್ದಕ್ಕೆ ಕಾಗದ ಹುಡುಕುವುದು ಹೇಗೆ?

‘ನಮ್ಮ ತಾತ ಸ್ವಾತಂತ್ರ್ಯಕ್ಕಾಗಿ ಜೈಲಿಗೆ ಹೋಗಿದ್ರು’ ಅನ್ನುವ ಮಾತು ಗೌರಿಬಿದನೂರು ಕಡೆ ಎಷ್ಟೋ ಮನೆಗಳಲ್ಲಿ ಕೇಳಿಸುತ್ತದೆ. ಕಾಗದ ಎಲ್ಲಿ ಅಂದರೆ ಮುಖ ಮುಖ ನೋಡಿಕೊಳ್ಳುತ್ತಾರೆ. ನಮ್ಮ ಮನೆಯಲ್ಲೂ ಅದೇ ಕಥೆ. ನಾನು ನೇರವಾಗಿ ಜೈಲಿಗೇ ಹೋಗಿ ಕೇಳಿದೆ. ‘ಹಳೇದೆಲ್ಲ ಗೆದ್ದಲು ತಿಂದಿದೆ’ ಅಂದು ಕಳಿಸಿದರು. ಜೈಲು ಕೊನೆಗೆ ಹೋಗಬೇಕಾದ ಜಾಗ.

ಮೊದಲು ಇಸವಿ ಹಿಡಿಯಿರಿ. ಹಿರಿಯರಿಗೆ ಇಸವಿ ನೆನಪಿರುವುದಿಲ್ಲ, ಗಲಾಟೆ ನೆನಪಿರುತ್ತದೆ. ‘ವಿದುರಾಶ್ವತ್ಥದಲ್ಲಿ ಗೋಲಿಬಾರ್ ಆದಾಗ’ ಅಂದರೆ 1938, ಏಪ್ರಿಲ್ 25. ಕ್ವಿಟ್ ಇಂಡಿಯಾ ಅಂದರೆ 1942. ‘ಸ್ವಾತಂತ್ರ್ಯ ಬಂದಮೇಲೆ ಹಿಡಿದರು’ ಅಂದರೆ ಅಜ್ಜಿಗೆ ಮರೆವು ಅಂದುಕೊಳ್ಳಬೇಡಿ. 1947ರ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಮೈಸೂರು ಸಂಸ್ಥಾನದಲ್ಲಿ ಜನರ ಸರ್ಕಾರ ಬೇಕು ಅಂತ ಮೈಸೂರು ಚಲೋ ಚಳವಳಿ ನಡೆದಾಗಲೂ ಜನ ಜೈಲು ಸೇರಿದರು.

ಆಮೇಲೆ ಜಿಲ್ಲೆ. ಗೌರಿಬಿದನೂರು ಈಗಿರುವ ಚಿಕ್ಕಬಳ್ಳಾಪುರ, ಕೋಲಾರದಿಂದ ಬೇರೆ ಜಿಲ್ಲೆಯಾಗಿದ್ದು 2007ರಲ್ಲಿ. ಹಳೇ ಕಡತಗಳನ್ನು ಕೋಲಾರದ ಹೆಸರಲ್ಲೇ ಹುಡುಕಿ.

ಈಗ ಮನೆಯ ಟ್ರಂಕು ತೆಗೆಯಿರಿ. ಜಾಸ್ತಿ ಸಿಗುವುದು ಇಲ್ಲೇ. ಸ್ವಾತಂತ್ರ್ಯ ಹೋರಾಟಗಾರರಿಗೆ 1972ರಲ್ಲಿ ಶುರುವಾದ ಕೇಂದ್ರದ ಪಿಂಚಣಿಗೆ ಸಾಮಾನ್ಯವಾಗಿ ಆರು ತಿಂಗಳು ಜೈಲಲ್ಲಿದ್ದ ಪುರಾವೆ ಬೇಕಿತ್ತು. ಹೆಂಗಸರಿಗೆ, ಪರಿಶಿಷ್ಟರಿಗೆ ಮೂರು ತಿಂಗಳು. ಜೈಲಿನ ಕಾಗದ ಇಲ್ಲದವರು ಜೊತೆಯಲ್ಲಿದ್ದ ಕೈದಿಗಳಿಂದ ಬರೆಸಿಕೊಂಡು ಬರುತ್ತಿದ್ದರು. ಹಾಗಾಗಿ ಪಕ್ಕದೂರಿನವರ ಅರ್ಜಿಯಲ್ಲೂ ನಿಮ್ಮ ತಾತ ಸಿಗಬಹುದು. ನಮಗೆ ಸಿಕ್ಕಿದ್ದು ನಾಲ್ಕಾಗಿ ಮಡಚಿದ ಒಂದು ಹಾಳೆ. ನೇರಳೆ ಮಸಿಯ ಗುಂಡು ಮೊಹರು, ತಾತನ ಅಪ್ಪನ ಹೆಸರು, ಊರು, ‘ಎಡ ಹುಬ್ಬಿನ ಮೇಲೆ ಗಾಯದ ಕಲೆ’. ಎತ್ತು ಕೊಂಬಲ್ಲಿ ತಿವಿದಿದ್ದು ಅಂತ ಅಜ್ಜಿ ಹೇಳುತ್ತಿದ್ದ ಕಲೆ ಅದು.

ಟ್ರಂಕಿನಲ್ಲಿ ಏನೂ ಇಲ್ಲವಾ? ಶಿಕ್ಷೆ ವಿಧಿಸಿದ ಕೋರ್ಟಿನ ತೀರ್ಪು ಹುಡುಕಿ. ಯಾವ ಆರೋಪ, ಎಷ್ಟು ದಿನ ಅನ್ನುವುದು ಅದರಲ್ಲಿರುತ್ತದೆ. ಬೆಂಗಳೂರು ಸೆಂಟ್ರಲ್ ಜೈಲಿನಲ್ಲಿದ್ದರು ಅಂತ ಗೊತ್ತಾದರೆ ಒಮ್ಮೆ ಫ್ರೀಡಂ ಪಾರ್ಕ್ ನೋಡಿ ಬನ್ನಿ, ಆ ಜೈಲು ಇದ್ದ ಜಾಗ ಅದೇ. ಬ್ಯಾರಕ್, ಕಾವಲು ಗೋಪುರ ಈಗಲೂ ಇವೆ.

ಮುಂದೆ ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರ, ಅಂದರೆ ಹಳೇ ಸರ್ಕಾರಿ ಕಡತಗಳನ್ನು ಇಡುವ ಜಾಗ. ಸುಮ್ನೆ ‘ನಮ್ಮ ತಾತನ ಫೈಲ್’ ಅಂತ ಕೇಳಬೇಡಿ. ಇಸವಿ, ಇಲಾಖೆ ಹೇಳಿ ಸೂಚಿ ತರಿಸಿಕೊಳ್ಳಿ. ಇಂಗ್ಲಿಷ್ ಕಡತಗಳಲ್ಲಿ ಊರಿನ ಸ್ಪೆಲಿಂಗ್ ನಾಲ್ಕು ಥರ ಇರುತ್ತದೆ, ಎಲ್ಲವನ್ನೂ ನೋಡಿ. ಬರೀ ನಾರಾಯಣಪ್ಪ ಅಂತ ಹುಡುಕಿದರೆ ಹತ್ತು ಜನ ಸಿಗುತ್ತಾರೆ, ಅಪ್ಪನ ಹೆಸರೂ ಇರಲಿ.

ಇಷ್ಟಾದ ಮೇಲೆ ಜೈಲಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ನಮ್ಮ ರಾಜ್ಯದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ರಿಜಿಸ್ಟರ್ ಇಲ್ಲ’ ಅಂದರೆ ನಾಶಪಡಿಸಿದ ಕಡತಗಳ ಪಟ್ಟಿ ಕೇಳಿ. ಗೆದ್ದಲಿನ ಕಥೆ ನಿಜವೋ ಅಲ್ಲವೋ ಆಗ ಗೊತ್ತಾಗುತ್ತದೆ.

ಕಾಗದ ಸಿಕ್ಕರೆ ಲ್ಯಾಮಿನೇಶನ್ ಮಾಡಿಸಬೇಡಿ. ಹಿಂಬದಿಯ ಫೋಟೊ ಕೂಡ ತೆಗೆದುಕೊಳ್ಳಿ. ತಾತನ ಕೈದಿ ನಂಬರ್ ನಮಗೆ ಸಿಕ್ಕಿದ್ದು ಹಾಳೆಯ ಹಿಂದೆ, ಪೆನ್ಸಿಲ್‌ನಲ್ಲಿ.