ಸುಣ್ಣಕಲ್ಲಿನಲ್ಲಿ ತೈಲ ಎಲ್ಲಿ ಕೂತಿದೆ? ಪತ್ತೆ ಹಚ್ಚುವುದು ಹೀಗೆ

ಮೊದಲೇ ಹೇಳಿಬಿಡುತ್ತೇನೆ, ಮಂಡ್ಯದಲ್ಲಿ ಎಷ್ಟು ಆಳಕ್ಕೆ ಬೋರ್ ಕೊರೆಸಿದರೂ ತೈಲ ಸಿಗುವುದಿಲ್ಲ. ನಮ್ಮ ಕಾಲಡಿ ಇರುವುದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ (gneiss) ಬಂಡೆ, ಅಂದರೆ ಆಳದ ಬಿಸಿ, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದ ಗಟ್ಟಿ ಕಲ್ಲು. ಆದರೆ ಇಲ್ಲಿನ ರೈತರಿಗೆ ಈ ವಿಷಯ ಬೇಗ ಹಿಡಿಯುತ್ತದೆ. ಒಬ್ಬರ ಹೊಲದಲ್ಲಿ ನೀರು ಉಕ್ಕುತ್ತದೆ, ಪಕ್ಕದವರ ಬೋರ್ ಫೇಲ್ ಆಗಿ ಬರೀ ಧೂಳು ಬರುತ್ತದೆ ಅಲ್ವಾ? ಬಂಡೆಯಲ್ಲಿ ಬಿರುಕು ಸಿಕ್ಕಿತೋ ಇಲ್ಲವೋ ಎಂಬುದರ ಮೇಲೆ ಎಲ್ಲ ನಿಂತಿದೆ. ಸುಣ್ಣಕಲ್ಲೂ ಅಷ್ಟೇ ಮೊಂಡು.

ಮೊದಲು ತೈಲ ಹುಟ್ಟುವ ಪದರ ಹುಡುಕಬೇಕು. ಪಾಚಿ, ಸೂಕ್ಷ್ಮಜೀವಿಗಳು ಹೂತ ಜೇಡಿಕಲ್ಲು ಸುಮಾರು 60ರಿಂದ 120 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ತೈಲ ಬಿಡುತ್ತದೆ. ಅದು ನೀರಿಗಿಂತ ಹಗುರ, ಮೇಲಕ್ಕೆ ಏರುತ್ತದೆ.

ಆಮೇಲೆ ರಂಧ್ರ ನೋಡಬೇಕು. ಕಷ್ಟ ಇರುವುದೇ ಇಲ್ಲಿ. ಮರಳುಗಲ್ಲಿನಲ್ಲಿ ಕಾಳುಗಳ ನಡುವಿನ ಸಂದಿಯೇ ಬಹುಪಾಲು ಉಳಿದಿರುತ್ತದೆ. ಸುಣ್ಣಕಲ್ಲು ಚಿಪ್ಪು, ಹವಳ, ಸುಣ್ಣದ ಕೆಸರಿನಿಂದ ಆದದ್ದು. ಅದರ ಸಂದಿಗಳನ್ನು ನೀರಿನಲ್ಲಿ ಕರಗಿದ ಸುಣ್ಣವೇ ಬಂದು ಮುಚ್ಚಿಬಿಡುತ್ತದೆ. ಮುಂದೆ ಸಮುದ್ರ ತಗ್ಗಿ ಕಲ್ಲು ಬಯಲಿಗೆ ಬಂದರೆ, ತುಸು ಹುಳಿಯಾದ ಮಳೆನೀರು ಅದನ್ನು ಕರಗಿಸಿ ಹೊಸ ರಂಧ್ರ ಮಾಡುತ್ತದೆ. ತುಂಡನ್ನು ಭೂತಗನ್ನಡಿಯಲ್ಲಿ ಹಿಡಿದು ನೋಡಿ: ಚಿಪ್ಪು ಕರಗಿ ಹೋಗಿರುತ್ತದೆ, ಚಿಪ್ಪಿನ ಆಕಾರದ ಗುಳಿ ಮಾತ್ರ ಉಳಿದಿರುತ್ತದೆ. ನೋಡೋಕೆ ಚೆಂದ, ಆದರೆ ಗುಳಿಗಳು ಒಂದಕ್ಕೊಂದು ಸೇರದಿದ್ದರೆ ತೈಲ ಹರಿಯುವುದಿಲ್ಲ. ಸುಮ್ನೆ ರಂಧ್ರ ಎಷ್ಟಿದೆ ಎಂದು ಲೆಕ್ಕ ಹಾಕಿ ಕೂತರೆ ಮೋಸ ಹೋಗುವುದು ಹೀಗೇ.

ಕಲ್ಲು ಯಾವುದೆಂದು ತಿಳಿಯಲು ಅದರ ಮೇಲೆ ನೀರು ಬೆರೆಸಿ ತೆಳುವಾಗಿಸಿದ ಹೈಡ್ರೋಕ್ಲೋರಿಕ್ ಆಮ್ಲದ ಒಂದು ಹನಿ ಬಿಡಿ. ಜೋರಾಗಿ ನೊರೆ ಬಂದರೆ ಸುಣ್ಣಕಲ್ಲು. ಪುಡಿ ಮಾಡಿದ ಮೇಲಷ್ಟೇ ಚೆನ್ನಾಗಿ ನೊರೆ ಬಂದರೆ ಡಾಲಮೈಟ್, ಅಂದರೆ ಮೆಗ್ನೀಸಿಯಂ ಸೇರಿ ಬದಲಾದ ಕಲ್ಲು. ಎಷ್ಟೋ ಕಡೆ ಇದರಲ್ಲಿ ರಂಧ್ರಗಳ ನಡುವೆ ದಾರಿ ಚೆನ್ನಾಗಿರುತ್ತದೆ. ಗಟ್ಟಿ ಇರುವುದರಿಂದ ಬಿರುಕೂ ಜಾಸ್ತಿ.

ಕೊನೆಗೆ ಮೇಲೇರುವ ತೈಲವನ್ನು ತಡೆಯುವ ಮುಚ್ಚಳ, ಜೊತೆಗೆ ಪದರದ ಆಕಾರ ನೋಡಬೇಕು. 1974ರಲ್ಲಿ ತೈಲ ಸಿಕ್ಕ, ಮುಂಬೈ ಕಡಲಿನ ಬಾಂಬೆ ಹೈ ತೈಲಕ್ಷೇತ್ರದಲ್ಲಿ ಸುಣ್ಣಕಲ್ಲಿನ ಮೇಲೆ ಜೇಡಿಕಲ್ಲಿನ ಹೊದಿಕೆ ಇದೆ. ಸೌದಿಯ ಘಾವರ್ ತೈಲಕ್ಷೇತ್ರದಲ್ಲಿ ಕಡಲ ನೀರು ಆವಿಯಾಗಿ ಉಳಿದ ಅನ್‌ಹೈಡ್ರೈಟ್ ಎಂಬ ಖನಿಜ ಆ ಕೆಲಸ ಮಾಡುತ್ತದೆ. ಅಲ್ಲಿ ಪದರಗಳು ಸುಮಾರು 280 ಕಿ.ಮೀ. ಉದ್ದಕ್ಕೆ ಕಮಾನಿನಂತೆ ಬಾಗಿವೆ. ಇಂಥ ಕಮಾನು ತೈಲ ಬರುವ ಮೊದಲೇ ಎದ್ದಿರಬೇಕು. ತಡವಾಗಿ ಎದ್ದರೆ ತೈಲ ಆಗಲೇ ಬೇರೆ ದಾರಿ ಹಿಡಿದಿರುತ್ತದೆ.