‘ಮೈನಸ್ ಮೈನಸ್ ಪ್ಲಸ್’ ಅಂತ ನಾನೇ ಹೇಳಿದ್ದೆ

ಸಿದ್ಧೇಶ್ವರ ಜಾತ್ರೆ ಮುಗಿದು ಹುಡುಗರು ಒಬ್ಬೊಬ್ಬರಾಗಿ ಶಾಲೆಗೆ ಮರಳುತ್ತಿದ್ದ ವಾರ. ವಿಜಯಪುರದ ಸುತ್ತಿನ ಹಳ್ಳಿಗಳಲ್ಲಿ ಸಂಕ್ರಮಣಕ್ಕೆ ದನದ ಜಾತ್ರೆ, ಅದರ ಬೆನ್ನಿಗೇ ಜೋಳದ ಕೆಲಸ. ಹತ್ತನೆಯ ತರಗತಿಯ ಅರ್ಧ ಬೆಂಚು ಖಾಲಿ. ಪೂರ್ವಸಿದ್ಧತಾ ಪರೀಕ್ಷೆ ಮಾತ್ರ ಯಾರ ಹಾದಿಯನ್ನೂ ಕಾಯುವುದಿಲ್ಲ. ಬೋರ್ಡಿನ ಮೇಲೆ ಯ² − 7ಯ + 12 ಬರೆದು, ಅಪವರ್ತಿಸಿರಿ, ಅಂದರೆ ಎರಡು ಕಂಸಗಳ ಗುಣಲಬ್ಧವಾಗಿ ಒಡೆಯಿರಿ, ಎಂದು ಹೇಳಿ ಬೆಂಚುಗಳ ನಡುವೆ ಅಡ್ಡಾಡುತ್ತಿದ್ದೆ. (ಪುಸ್ತಕದ ಎಕ್ಸ್ ಬದಲು ಇಲ್ಲಿ ‘ಯ’ ಬರೆಯುತ್ತಿದ್ದೇನೆ. ಭಾಸ್ಕರಾಚಾರ್ಯರೂ ಗೊತ್ತಿಲ್ಲದ ರಾಶಿಯನ್ನು ‘ಯಾವತ್ ತಾವತ್’ ಎಂದು ಕರೆದು, ಬರೆಯುವಾಗ ‘ಯಾ’ ಎಂದಷ್ಟೇ ಬರೆಯುತ್ತಿದ್ದರು. ಆ ಧೈರ್ಯ.)

ಹಿಂದಿನ ಬೆಂಚಿನ ಹುಡುಗನೊಬ್ಬ ಪೆನ್ನು ಕೆಳಗಿಟ್ಟು ಕೂತಿದ್ದ. ಕೇಳಿದರೆ, “ಸರ, ಪ್ರಶ್ನೀನ ತಪ್ಪದ ರೀ” ಅಂದ. ರಫ್ ಪುಟ ನೋಡಿದೆ. ಗುಣಿಸಿದರೆ 12, ಕೂಡಿದರೆ −7 ಆಗುವ ಜೋಡಿ ಬೇಕು; 3, 4 ಅವನಿಗೆ ಆಗಲೇ ಸಿಕ್ಕಿತ್ತು. ಚಿಹ್ನೆ ಬದಲಿಸಿ ನಾಲ್ಕೂ ಬಗೆ ನೋಡಿದ್ದ: 3 + 4 = 7, 3 − 4 = −1, −3 + 4 = 1, ಕೊನೆಗೆ −3 − 4 = 7. ಎಲ್ಲಿಯೂ −7 ಬರಲಿಲ್ಲ, ಅಂದ ಮೇಲೆ ತಪ್ಪು ಪ್ರಶ್ನೆಯದೇ!

“ಈ ಕೊನೇದ್ದು ಏಳು ಹೆಂಗ ಆತೋ ತಮ್ಮಾ?”

“ಮೈನಸ್ ಮೈನಸ್ ಪ್ಲಸ್ ಅಲ್ರೀ ಸರ. ನೀವ ಹೇಳೀರಿ.”

ಹೇಳಿದ್ದೆ, ನಿಜ. ಎಂಟನೆಯ ತರಗತಿಯಿಂದ ಹಾಡಿನಂತೆ ಹೇಳಿಸಿದ್ದೆ. ಅದುವರೆಗೆ ನನ್ನ ಲೆಕ್ಕ ಹೀಗಿತ್ತು: ಹುಡುಗರಿಗೆ ಚಿಹ್ನೆಯ ನಿಯಮ ನೆನಪಿರುವುದಿಲ್ಲ, ಇನ್ನೂ ನಾಲ್ಕು ಸಲ ಹೇಳಿಸಬೇಕು. ಇವನಿಗೆ ನಿಯಮ ಚೆನ್ನಾಗಿಯೇ ನೆನಪಿತ್ತು. ಗುಣಿಸುವಾಗಿನ ನಿಯಮವನ್ನು ಕೂಡುವಲ್ಲಿ ತಂದು ಹಾಕಿದ್ದ, ಅಷ್ಟೇ. ಅಪವರ್ತನದಲ್ಲಿ ಒಂದೇ ಜೋಡಿಯನ್ನು ಒಮ್ಮೆ ಗುಣಿಸಿ ನೋಡಬೇಕು, ಮರುಕ್ಷಣವೇ ಕೂಡಿ ನೋಡಬೇಕು. ಎರಡು ನಿಯಮ ಅಷ್ಟು ಹತ್ತಿರ ಬಂದು ನಿಲ್ಲುವ ಜಾಗ ಶಾಲೆಯ ಗಣಿತದಲ್ಲಿ ಇನ್ನೊಂದಿಲ್ಲ.

“ಕಿರಾಣಿ ಅಂಗಡ್ಯಾಗ ಮೂರು ರೂಪಾಯಿ ಉದ್ರಿ ಹಚ್ಚೀದಿ. ಮರುದಿನ ಮತ್ತ ನಾಕು ರೂಪಾಯಿ ಉದ್ರಿ. ಅಂಗಡಿಯವ್ರು ನಿನಗ ಏಳು ರೂಪಾಯಿ ಕೊಡತಾರೇನು?” ಅಂದೆ. ಇಡೀ ತರಗತಿ ನಕ್ಕಿತು. ಅವನೂ ನಕ್ಕು, 7ರ ಮುಂದೆ ಒಂದು ಗೆರೆ ಎಳೆದ.

ಧನ, ಋಣ ಎಂಬ ಹೆಸರುಗಳೇ ಲೇವಾದೇವಿಯವು. ಕ್ರಿ.ಶ. 628ರಲ್ಲಿ ಬ್ರಹ್ಮಗುಪ್ತ ಈ ನಿಯಮಗಳನ್ನು ಬರೆದಾಗ ಎರಡನ್ನೂ ಬೇರೆಬೇರೆಯಾಗಿಯೇ ಹೇಳಿದ: ಋಣಕ್ಕೆ ಋಣ ಕೂಡಿದರೆ ಋಣ, ಋಣವನ್ನು ಋಣದಿಂದ ಗುಣಿಸಿದರೆ ಧನ. ಅವನು ಬೇರ್ಪಡಿಸಿ ಇಟ್ಟದ್ದನ್ನು ನಾನು ಮೂರು ಪದದ ಮಂತ್ರದಲ್ಲಿ ಕಲಸಿಬಿಟ್ಟಿದ್ದೆ. ಅಂದಿನಿಂದ ನನ್ನ ತರಗತಿಯಲ್ಲಿ ಆ ಮಂತ್ರ ಬಂದ್. “ಗುಣಿಸಿದರೆ” ಅಥವಾ “ಕೂಡಿದರೆ” ಎಂದು ಶುರುಮಾಡದೆ ಯಾರೂ ಚಿಹ್ನೆಯ ಮಾತೆತ್ತುವಂತಿಲ್ಲ.

ಜೋಡಿ ಹುಡುಕುವ ಕ್ರಮವನ್ನೂ ಬದಲಿಸಿದೆ. ಮೊದಲು ಕಣ್ಣು ಹೋಗಬೇಕಾದದ್ದು ಕೊನೆಯ ಪದಕ್ಕೆ. ಅದು ಪ್ಲಸ್ ಇದ್ದರೆ ಇಬ್ಬರೂ ಒಂದೇ ಪಾರ್ಟಿ; ಯಾವ ಪಾರ್ಟಿ ಎಂದು ನಡುವಿನ ಪದ ಹೇಳುತ್ತದೆ. ಕೊನೆಯದು ಮೈನಸ್ ಇದ್ದರೆ ಒಬ್ಬ ಆ ಕಡೆ, ಒಬ್ಬ ಈ ಕಡೆ. ನಡುವಿನ ಪದದ ಚಿಹ್ನೆ ದೊಡ್ಡ ಸಂಖ್ಯೆಗೆ. ಇದನ್ನು ಬಾಯಲ್ಲಿ ಹೇಳಿದರೆ ಯಾರ ತಲೆಗೂ ಹೋಗುವುದಿಲ್ಲ. ನಾಲ್ಕನ್ನೂ ಒಟ್ಟಿಗೆ ಬರೆದು ತೋರಿಸಬೇಕು:

ಯ² + 7ಯ + 12 = (ಯ + 3)(ಯ + 4)
ಯ² − 7ಯ + 12 = (ಯ − 3)(ಯ − 4)
ಯ² + ಯ − 12 = (ಯ + 4)(ಯ − 3)
ಯ² − ಯ − 12 = (ಯ − 4)(ಯ + 3)

ಅದೇ 3, ಅದೇ 4. ಹತ್ತು ನಿಮಿಷ ಇದನ್ನು ಸುಮ್ಮನೆ ನೋಡುತ್ತ ಕೂಡಲು ಬಿಟ್ಟರೆ ಅರ್ಧ ಕೆಲಸ ಆದಂತೆ.

ಉಳಿದ ಅರ್ಧವೇ ಹೆಚ್ಚು ಕಾಡಿದ್ದು. ಜೋಡಿ ಸರಿಯಾಗಿ ಸಿಕ್ಕಿದ ಮೇಲೂ ಹುಡುಗರು ಮುಗ್ಗರಿಸುವ ಒಂದು ಹೆಜ್ಜೆಯಿದೆ. ಮಧ್ಯಪದ ಒಡೆದು ಯ² − 3ಯ − 4ಯ + 12 ಎಂದು ಬರೆಯುತ್ತಾರೆ. ಮೊದಲ ಎರಡರಿಂದ ಯ(ಯ − 3), ಸರಿ. ಮುಂದಿನ ಎರಡರಿಂದ −4(ಯ + 3) ಎಂದು ಬರೆಯುತ್ತಾರೆ. ಕಣ್ಣಿಗೆ +12 ಕಾಣುತ್ತದೆ, ಕೈ +3 ಬರೆಯುತ್ತದೆ. ಆಮೇಲೆ ಎರಡು ಕಂಸ ಹೊಂದುವುದಿಲ್ಲ. ಜಾಣರು ಏನೂ ಆಗಿಲ್ಲವೆಂಬಂತೆ ಕೆಳಗಿನ ಸಾಲಿನಲ್ಲಿ (ಯ − 3)(ಯ − 4) ಎಂದು ಇಳಿಸಿಬಿಡುತ್ತಾರೆ. ಉತ್ತರವಷ್ಟೇ ನೋಡಿ ರೈಟ್ ಹಾಕುತ್ತಿದ್ದ ನನಗೆ ಈ ಕಳ್ಳ ಹೆಜ್ಜೆ ಎಷ್ಟೋ ವರ್ಷ ಕಂಡೇ ಇರಲಿಲ್ಲ.

ಇದಕ್ಕೆ ಒಂದು ಉಪಾಯ ಭಾಸ್ಕರಾಚಾರ್ಯರ ಕಾಲದ ಬರವಣಿಗೆಯಿಂದ ಸಿಕ್ಕಿತು. ಅವರ ಹುಟ್ಟೂರು ವಿಜ್ಜಡವಿಡ ನಮ್ಮ ಜಿಲ್ಲೆಯಲ್ಲಿ ಎಂದು ನಾವು, ತಮ್ಮಲ್ಲಿ ಎಂದು ಮಹಾರಾಷ್ಟ್ರದವರು. ಆ ಜಗಳ ಇರಲಿ. ಆಗ ಋಣಸಂಖ್ಯೆಗೆ ಗೆರೆ ಇರಲಿಲ್ಲ, ಸಂಖ್ಯೆಯ ತಲೆಯ ಮೇಲೊಂದು ಚುಕ್ಕೆ ಇಡುತ್ತಿದ್ದರು. ಚಿಹ್ನೆ ಎರಡು ಸಂಖ್ಯೆಗಳ ನಡುವೆ ನಿಂತ ‘ಕಳೆ’ ಎಂಬ ಅಪ್ಪಣೆಯಲ್ಲ, ಆ ಸಂಖ್ಯೆಯ ಮೈಗೇ ಅಂಟಿಕೊಂಡದ್ದು. ನನಗೆ ಬೇಕಾಗಿದ್ದು ಇದೇ. ಒಂದು ವಾರ ಚುಕ್ಕೆ ಇಡಿಸಿದೆ. ದಶಮಾಂಶದ ಚುಕ್ಕೆ, ಗುಣಾಕಾರದ ಚುಕ್ಕೆ, ಈ ಚುಕ್ಕೆ ಎಲ್ಲ ಕಲೆತು ಗೊಂದಲವೇ ಹೆಚ್ಚಾಯಿತು. ಬಿಟ್ಟೆ. ಬದಲಿಗೆ ಚಿಹ್ನೆ, ಸಂಖ್ಯೆ ಎರಡನ್ನೂ ಸೇರಿಸಿ ಪೆನ್ಸಿಲಿನಿಂದ ಒಂದು ಗುಂಡು ಹಾಕಿಸಿದೆ: −4ಯ ಒಂದು ಗುಂಡಿನಲ್ಲಿ, +12 ಇನ್ನೊಂದರಲ್ಲಿ. ಕಂಸ ತೆರೆದ ಮೇಲೆ ಪ್ರಶ್ನೆ ಒಂದೇ: ಹೊರಗಿನ −4 ಯಾವುದನ್ನು ಗುಣಿಸಿದರೆ +12? “−3 ರೀ.” ಹಾಗಾದರೆ ಒಳಗೆ −3. ಸಂಖ್ಯೆಯನ್ನು ಅದರ ಚಿಹ್ನೆ ಬಿಟ್ಟು ಎತ್ತಬೇಡ ಎಂದು ದಿನಕ್ಕೆ ಹತ್ತು ಸಲ ಹೇಳಿದೆ.

6ಯ² − ಯ − 2 ತರಹದ್ದಕ್ಕೂ ಇದೇ ದಾರಿ. 6 ಮತ್ತು −2ರ ಗುಣಲಬ್ಧ −12; ಜೋಡಿಯ ಗುಣಲಬ್ಧ ಅದೇ ಆಗಬೇಕು, ಮೊತ್ತ −1. ಜೋಡಿ −4, +3. ಅಲ್ಲಿ ಬೇರೆ ತೊಂದರೆ: 2ಯ(3ಯ − 2) ಆದ ಮೇಲೆ ಉಳಿದ 3ಯ − 2ರ ಮುಂದೆ 1 ಇದೆ ಎಂಬುದು ಯಾರಿಗೂ ಕಾಣುವುದಿಲ್ಲ. +1 ಎಂದು ಬರೆಸಿಯೇ ಮುಂದೆ ಹೋಗಬೇಕು.

ಉತ್ತರ ತಾಳೆ ನೋಡಲು ‘ಯ’ ಜಾಗದಲ್ಲಿ 1 ಹಾಕಿ ಎನ್ನುತ್ತಿದ್ದೆ, ಬಾಯಲ್ಲೇ ಆಗುತ್ತದೆಂದು. 1 − 7 + 12 = 6; (−2)(−3) = 6; ಆಯಿತು. ಒಂದು ದಿನ ಯ² + 5ಯ − 6ನ್ನು ಒಬ್ಬ ಹುಡುಗಿ (ಯ − 1)(ಯ − 6) ಎಂದು ಬಿಡಿಸಿ, 1 ಹಾಕಿ, ಎರಡೂ ಕಡೆ ಸೊನ್ನೆ ಬಂತೆಂದು ರೈಟ್ ಹಾಕಿಕೊಂಡಳು. ಆಮೇಲೆ ತಾನೇ ಎದ್ದು ಬಂದು, “ಸರ, ತಾಳೆ ಸರಿ ಬಂದದ, ಉತ್ತರ ತಪ್ಪದ ರೀ” ಅಂದಳು. ಯ − 1 ಇದ್ದಲ್ಲಿ 1 ಹಾಕಿದರೆ ಪಕ್ಕದ ಕಂಸದಲ್ಲಿ ಏನೇ ಇದ್ದರೂ ಸೊನ್ನೆಯೇ. 2 ಹಾಕಿದರೆ ಮೇಲೆ 8, ಅವಳದ್ದು −4. ಸರಿ ಉತ್ತರ (ಯ + 6)(ಯ − 1) 8 ಕೊಡುತ್ತದೆ. ಈಗ ಸೊನ್ನೆ ಬಂತೆಂದರೆ ಇನ್ನೊಂದು ಸಂಖ್ಯೆ ಹಾಕಿ ನೋಡಿಸುತ್ತೇನೆ.

ಆ ಲೆಕ್ಕ ನನಗೆ ಮತ್ತೊಂದು ಲಾಭ ತಂದಿತು. ಯ² + 5ಯ + 6 ಕೂಡ ಒಡೆಯುತ್ತದೆ, ಯ² + 5ಯ − 6 ಕೂಡ. ಕೊನೆಯ ಚಿಹ್ನೆಯೊಂದೇ ಬೇರೆ, ಜೋಡಿ ಮಾತ್ರ ಪೂರಾ ಬೇರೆ: 2, 3 ಮತ್ತು 6, −1. ಚಿಹ್ನೆ ನೋಡದೆ ಬಿಡಿಸುವವರನ್ನು ಹಿಡಿಯಲು ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಇಂಥವು ಎಲ್ಲಿ ಸಿಗುತ್ತವೆ ಎಂದು ಹುಡುಕಿದೆ. ಪೂರ್ಣಾಂಕ ಬಾಹುಗಳ ಲಂಬಕೋನ ತ್ರಿಭುಜ ತೆಗೆದುಕೊಳ್ಳಿ. ವಿಕರ್ಣ ನಡುವೆ, ವಿಸ್ತೀರ್ಣ ಕೊನೆಗೆ. 3, 4, 5ಕ್ಕೆ 5 ಮತ್ತು 6. 5, 12, 13ಕ್ಕೆ 13 ಮತ್ತು 30. 8, 15, 17ಕ್ಕೆ 17 ಮತ್ತು 60: ಪ್ಲಸ್ 60 ಇದ್ದರೆ 5, 12, ಮೈನಸ್ 60 ಇದ್ದರೆ 20, −3. ಶೋಧಕ (ನಡುವಿನ ಸಂಖ್ಯೆಯ ವರ್ಗದಿಂದ ಕೊನೆಯದರ ನಾಲ್ಕು ಪಟ್ಟು ಕಳೆದದ್ದು; ಅದು ಪೂರ್ಣವರ್ಗವಾದರೆ ಲೆಕ್ಕ ಒಡೆಯುತ್ತದೆ) ಬರೆದು ನೋಡಿದರೆ ಕಾರಣ ಕಾಣುತ್ತದೆ: ಪ್ಲಸ್ ಇದ್ದರೆ ಲಂಬಬಾಹುಗಳ ವ್ಯತ್ಯಾಸದ ವರ್ಗ, ಮೈನಸ್ ಇದ್ದರೆ ಮೊತ್ತದ ವರ್ಗ. ಎರಡೂ ಪೂರ್ಣವರ್ಗಗಳೇ. ಪ್ರಶ್ನೆಪತ್ರಿಕೆ ತೆಗೆಯುವವರು ಬೇಕಾದರೆ ಬಳಸಿಕೊಳ್ಳಿ.

ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಹಿಂದಿನ ಬೆಂಚಿನ ಆ ಹುಡುಗ ವರ್ಗ ಸಮೀಕರಣ ಬಿಡಿಸಿದ್ದ. ಒಡೆದದ್ದು ಸರಿ, ಕಂಸ ಸರಿ, ಗುಂಡುಗಳೂ ಇದ್ದವು. (ಯ − 3)(ಯ − 4) = 0 ವರೆಗೆ ಒಂದು ತಪ್ಪಿಲ್ಲ. ಕೊನೆಯ ಸಾಲು: ಯ = −3, ಯ = −4.

ಕರೆದು ಕೇಳಿದೆ. “ಯ − 3 ಸೊನ್ನೆ ಆಗಬೇಕಂದ್ರ ಯ ಎಷ್ಟಿರಬೇಕು?”

“ಮೂರ್ರೀ.”

“ಮತ್ತ ಮೈನಸ್ ಮೂರು ಯಾಕ ಬರದಿ?”

“ನೀವ ಹೇಳೀರಲ್ರೀ ಸರ, ಚಿಹ್ನಿ ಬಿಟ್ಟು ಸಂಖ್ಯಾ ಎತ್ತಬ್ಯಾಡ ಅಂತ.”